ಉಸ್ಮಾನಿಯಾವೋ, ಪುಣೆಯೋ, ಧಾರವಾಡವೋ? ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ವಿದ್ಯಾರ್ಥಿಗಳು ಮತ್ತು ಪದವಿಯ ಆಯ್ಕೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಸಂಕಿರಣದ ಹಿಂದಿನ ಗೋಷ್ಠಿಗಳಲ್ಲಿ ಗಡಿನಾಡಿನ ಶಾಸನಗಳು, ಮಠಗಳು, ಮಹಾಜನ ವರದಿ ಇವುಗಳ ಬಗ್ಗೆ ಸಾಕಷ್ಟು ಚರ್ಚೆ ಆಗಿದೆ. ನಾನು ಇವತ್ತು ಅವುಗಳಿಗಿಂತ ಸಣ್ಣದು ಅನ್ನಿಸುವ ಒಂದು ಪ್ರಶ್ನೆ ಎತ್ತಿಕೊಂಡಿದ್ದೇನೆ. ಮೆಟ್ರಿಕ್ ಮುಗಿದ ಮೇಲೆ ಉದಗೀರದ ಹುಡುಗ ಪದವಿಗೆ ಎಲ್ಲಿಗೆ ಹೋಗ್ತಿದ್ದ? ಉಮರ್ಗಾದವನು ಎಲ್ಲಿಗೆ? ನಿಲಂಗಾದವನು ಎಲ್ಲಿಗೆ? ಗಡಿ ಅಂದ ಕೂಡಲೇ ನಾವು 1956ರ ನಕಾಶೆ ಬಿಡಿಸಿಕೊಂಡು ಕೂಡ್ತೀವಿ. ಆದರೆ ನಕಾಶೆಯ ಗೆರೆ ಎಳೆಯುವುದಕ್ಕೆ ನಲವತ್ತು ವರ್ಷ ಮೊದಲೇ, ಯಾವ ವಿಶ್ವವಿದ್ಯಾಲಯದ ಅರ್ಜಿ ತುಂಬಬೇಕು ಅನ್ನುವ ನಿರ್ಧಾರ ಈ ಸೀಮೆಯ ಮನೆಗಳಲ್ಲಿ ಭಾಷೆಯ ದಿಕ್ಕನ್ನು ತಿರುಗಿಸಲು ಶುರು ಮಾಡಿತ್ತು ಅನ್ನುವುದು ನನ್ನ ವಾದ. ಇದು ಪೂರ್ತಿ ಚರಿತ್ರೆಯಲ್ಲ, ಒಂದು ಎಳೆ ಮಾತ್ರ.

ಮೂರು ಊರು, ಮೂರು ದಾರಿ

ಮೊದಲು ಊರುಗಳ ನೆಲೆ ನೋಡೋಣ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಉದಗೀರ ಮತ್ತು ನಿಲಂಗಾ ಬೀದರ ಜಿಲ್ಲೆಯ ತಾಲೂಕುಗಳು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯದು, ಅಂದ್ರೆ ಇವತ್ತಿನ ಧಾರಾಶಿವ. ಬೀದರ ಜಿಲ್ಲೆ ಅನ್ನುವುದು ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಒಂದೇ ಸಂತೆಯಲ್ಲಿ ಕೇಳಿಬರುವ ಜಿಲ್ಲೆ. ಪಕ್ಕದ ಲಾತೂರಿನ ಮಾತು ಬೇರೆ ಹೇಳಬೇಕಿಲ್ಲ. ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರು ಪುರದ ಒಡೆಯರು ಅಂತ ಕರೆದುಕೊಂಡದ್ದು ಈ ಲಾತೂರನ್ನೇ ಕುರಿತು ಎಂಬುದನ್ನು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ಹೀಗಾಗಿ ಇಲ್ಲಿ ಕನ್ನಡ ಹೊರಗಿನಿಂದ ಬಂದ ಭಾಷೆಯಲ್ಲ, ಮರಾಠಿಯೂ ಹೊರಗಿನದಲ್ಲ. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು. ಒಂದೇ ದಿನದಲ್ಲಿ ಮೂರೂ ಆಡುವ ಜನ ಇವರು.

ಈಗ ದಾರಿಗಳು. 1930ರ ದಶಕದ ಆರಂಭದ ಹೊತ್ತಿಗೆ ವಿಕಾರಾಬಾದ್–ಬೀದರ–ಪರಳಿ ರೈಲು ಮಾರ್ಗ ಬಂತು. ಉದಗೀರ ಆ ಮಾರ್ಗದ ನಿಲ್ದಾಣ. ಅಲ್ಲಿ ಗಾಡಿ ಹತ್ತಿದವನು ಬೀದರ ದಾಟಿ ಹೈದರಾಬಾದಿಗೆ ಇಳೀತಾನೆ. ಉಮರ್ಗಾ ಇರುವುದು ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲೆ. ಅವನಿಗೆ ಪಶ್ಚಿಮಕ್ಕೆ ಹೋದರೆ ಸೊಲ್ಲಾಪುರ, ಅಲ್ಲಿಂದ ಪುಣೆ; ಪೂರ್ವಕ್ಕೆ ಹೋದರೆ ಹುಮನಾಬಾದ್, ಅಲ್ಲಿಂದ ಹೈದರಾಬಾದ್. ನಿಲಂಗಾಕ್ಕೆ ರೈಲೂ ಇಲ್ಲ, ಈ ಹೆದ್ದಾರಿಯೂ ಇಲ್ಲ. ಮೊದಲು ಎತ್ತಿನ ಗಾಡಿಯಲ್ಲೋ ಮೋಟಾರಿನಲ್ಲೋ ಬೇರೆ ಊರು ಮುಟ್ಟಿ, ಅಲ್ಲಿಂದ ಮುಂದಿನ ಮಾತು. ವಿದ್ಯಾರ್ಥಿಯ ಆಯ್ಕೆ ಅನ್ನುವಾಗ ನಾವು ಪ್ರತಿಭೆ, ಆಸಕ್ತಿ ಅಂತೆಲ್ಲ ಹೇಳ್ತೀವಿ. ಆದರೆ ಊರ ಮುಂದಿನ ರಸ್ತೆ ಯಾವ ಕಡೆ ಹೋಗುತ್ತೆ ಅನ್ನುವುದೂ ಅರ್ಧ ಆಯ್ಕೆಯನ್ನು ಮಾಡಿಬಿಟ್ಟಿರುತ್ತದೆ.

ಉಸ್ಮಾನಿಯಾದ ಸೆಳೆತ

1916ರಿಂದ 1918ರ ನಡುವೆ ದೇಶದಲ್ಲಿ ಹೊಸ ವಿಶ್ವವಿದ್ಯಾಲಯಗಳ ಒಂದು ಅಲೆ ಬಂತು. 1916ರಲ್ಲಿ ಮೈಸೂರು, ಅದೇ ವರ್ಷ ಬನಾರಸ್, ಅದೇ ವರ್ಷ ಪುಣೆಯಲ್ಲಿ ಕರ್ವೆಯವರ ಮಹಿಳಾ ವಿದ್ಯಾಪೀಠ. 1917ರಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಫರ್ಮಾನು ಹೊರಟು, 1918ರಲ್ಲಿ ಉಸ್ಮಾನಿಯಾ ಸ್ಥಾಪನೆಯಾಯಿತು. ಮೈಸೂರು ಇಂಗ್ಲಿಷಿನಲ್ಲಿ ಕಲಿಸಿದರೆ ಉಸ್ಮಾನಿಯಾ ಉರ್ದುವಿನಲ್ಲಿ ಕಲಿಸಿತು. ಭಾರತೀಯ ಭಾಷೆಯಲ್ಲಿ ಉನ್ನತ ಶಿಕ್ಷಣ ಕೊಟ್ಟ ಮೊದಲ ವಿಶ್ವವಿದ್ಯಾಲಯ ಇದೇ ಅಂತ ಎಲ್ಲ ಕಡೆ ಬರೆದಿರ್ತಾರೆ. ಕರ್ವೆಯವರ ಸಂಸ್ಥೆ ಎರಡು ವರ್ಷ ಮೊದಲೇ ಮಾತೃಭಾಷೆಯಲ್ಲಿ ಕಲಿಸುವ ನಿಯಮ ಹಾಕಿಕೊಂಡಿತ್ತು. ಆದ್ದರಿಂದ ಸರಕಾರವೊಂದು ತನ್ನ ಬೊಕ್ಕಸದಿಂದ ದೊಡ್ಡ ಪ್ರಮಾಣದಲ್ಲಿ ನಡೆಸಿದ ಮೊದಲ ಪ್ರಯೋಗ ಅಂತ ಹೇಳಿದರೆ ಹೆಚ್ಚು ಸರಿ.

ಆ ಪ್ರಯೋಗ ಸಣ್ಣದಲ್ಲ. ಪಠ್ಯಗಳನ್ನು ಉರ್ದುವಿಗೆ ತರಲು ದಾರುಲ್ ತರ್ಜುಮಾ ಅನ್ನುವ ಅನುವಾದ ಸಂಸ್ಥೆಯನ್ನೇ ಕಟ್ಟಿದರು. ಗಣಿತ, ರಸಾಯನಶಾಸ್ತ್ರ, ಕಾನೂನು, ವೈದ್ಯಕೀಯ ಎಲ್ಲಕ್ಕೂ ಪಾರಿಭಾಷಿಕ ಪದಗಳನ್ನು ಟಂಕಿಸಿದರು. ಕನ್ನಡದಲ್ಲಿ ವಿಜ್ಞಾನ ಕಲಿಸಬಹುದೇ ಅನ್ನುವ ಪ್ರಶ್ನೆಯನ್ನು ನಾವು ಇವತ್ತಿಗೂ ಚರ್ಚೆ ಮಾಡ್ತಾ ಇದ್ದೀವಿ. ಭಾರತೀಯ ಭಾಷೆಗೆ ಅದು ಸಾಧ್ಯ ಅಂತ ನಮ್ಮ ಪಕ್ಕದಲ್ಲೇ ಒಬ್ಬರು ಮಾಡಿ ತೋರಿಸಿದ್ದರು.

ಆದರೆ ಯಾರ ಮಾತೃಭಾಷೆ? ಸಂಸ್ಥಾನದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ನಿಲಂಗಾದ ಒಬ್ಬ ಲಿಂಗಾಯತ ರೈತನ ಮಗನಿಗೆ ಇಂಗ್ಲಿಷಿನಷ್ಟೇ ಉರ್ದುವೂ ಕಲಿತು ಪಡೆಯಬೇಕಾದ ಭಾಷೆ. ವ್ಯತ್ಯಾಸ ಇಷ್ಟೇ, ಉರ್ದು ಅವನ ಕಿವಿಗೆ ಹೊಸದಲ್ಲ. ತಹಶೀಲಿಯಲ್ಲಿ, ಸಂತೆಯಲ್ಲಿ ದಖ್ಖನಿ ಕೇಳಿ ಬೆಳೆದವನು. ಪಹಣಿ, ರಸೀದಿ, ವಕಾಲತ್ತು ಎಲ್ಲವೂ ಉರ್ದುವಿನಲ್ಲೇ ಇದ್ದವು. ಅದೂ ಅಲ್ಲದೆ ಮುಲ್ಕಿ ನಿಯಮದ ಪ್ರಕಾರ ಸಂಸ್ಥಾನದ ನೌಕರಿ ಸಂಸ್ಥಾನದವರಿಗೆ. ಆ ನೌಕರಿಗೆ ನೇರ ದಾರಿ ಉಸ್ಮಾನಿಯಾ ಪದವಿ. ಹಾಗಾಗಿ ಮನೆಯ ಹಿರಿಯರ ಲೆಕ್ಕಾಚಾರದಲ್ಲಿ ಉಸ್ಮಾನಿಯಾ ಯಾವಾಗಲೂ ಮೇಲೆ ಇರ್ತಿತ್ತು. ಹೊಲ ಮನೆಯಲ್ಲಿ ಇದ್ದೇ ಇದೆ, ಒಬ್ಬ ಮಗ ಪೇಶಕಾರನೋ ತಹಶೀಲ್ದಾರನೋ ಆಗಲಿ ಅನ್ನುವ ಲೆಕ್ಕ ಅದು.

ಹೈದರಾಬಾದಿನಲ್ಲೇ ಇನ್ನೊಂದು ಬಾಗಿಲೂ ಇತ್ತು. 1887ರಲ್ಲಿ ಆರಂಭವಾದ ನಿಜಾಮ್ ಕಾಲೇಜು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು, ಇಂಗ್ಲಿಷಿನಲ್ಲಿ ನಡೀತಿತ್ತು. 1947ರಲ್ಲಿ ಅದು ಉಸ್ಮಾನಿಯಾಕ್ಕೆ ಸೇರಿತು. ಅಂದ್ರೆ ಒಂದೇ ಊರಿನಲ್ಲಿ ಎರಡು ವಿಶ್ವವಿದ್ಯಾಲಯ, ಎರಡು ಭಾಷೆ. ನಿಜಾಮ್ ಕಾಲೇಜಿಗೆ ಹೋಗಬೇಕಾದರೆ ಹೈಸ್ಕೂಲಿನಲ್ಲೇ ಇಂಗ್ಲಿಷ್ ದಾರಿ ಹಿಡಿದಿರಬೇಕು. ಅದು ಶ್ರೀಮಂತರಿಗೆ, ಜಾಗೀರದಾರರ ಮಕ್ಕಳಿಗೆ ಸಾಧ್ಯ. ತಾಲೂಕಿನ ಹುಡುಗನ ಮಟ್ಟಿಗೆ ಆ ಬಾಗಿಲು ಹದಿನೈದನೇ ವಯಸ್ಸಿಗೇ ಮುಚ್ಚಿರ್ತಿತ್ತು.

ಕನ್ನಡಕ್ಕೆ ಉಸ್ಮಾನಿಯಾದಲ್ಲಿ ಜಾಗ ಇರಲೇ ಇಲ್ಲ ಅನ್ನುವುದು ತಪ್ಪು. ಕನ್ನಡ ಒಂದು ವಿಷಯವಾಗಿ ಇತ್ತು. ಡಿ.ಕೆ. ಭೀಮಸೇನರಾಯರು ಅಲ್ಲಿ ಕನ್ನಡ ಕಲಿಸಿದರು. ಸಿದ್ಧಯ್ಯ ಪುರಾಣಿಕರಂಥವರು ಉಸ್ಮಾನಿಯಾದಲ್ಲಿ ಓದಿ, ಸಂಸ್ಥಾನದ ಆಡಳಿತ ಸೇವೆಗೆ ಹೋಗಿ, ಕನ್ನಡದ ಕವಿಗಳೂ ಆದರು. ಉರ್ದು ಮಾಧ್ಯಮದಲ್ಲಿ ಓದಿದವರೆಲ್ಲ ಕನ್ನಡ ಬಿಟ್ಟರು ಅನ್ನುವ ಸರಳ ಸೂತ್ರ ಆದ್ದರಿಂದ ನಿಲ್ಲುವುದಿಲ್ಲ. ಆದರೆ ಪುರಾಣಿಕರು ಕೊಪ್ಪಳ ಸೀಮೆಯವರು, ಅವರ ಹಿಂದೆ ಕನ್ನಡ ಓದುವ ಒಂದು ಊರೇ ಇತ್ತು. ಉದಗೀರದ ಹುಡುಗನ ಹಿಂದೆ ಅದು ಇರಲಿಲ್ಲ. ಅವನ ಹತ್ತಿರದ ಆಸರೆ ಅಂದ್ರೆ ಕಮಲನಗರ, ಭಾಲ್ಕಿ. ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಕೆಲಸ ನಿಮಗೆಲ್ಲ ಗೊತ್ತಿದೆ. ಆ ಶಾಲೆಗಳು ಅಕ್ಷರ ಕೊಟ್ಟವು. ಪದವಿ ಕೊಡುವುದು ಅವುಗಳ ಕೈಯಲ್ಲಿ ಇರಲಿಲ್ಲ.

ಸಂಸ್ಥಾನ ದಾಟಿದವರು

ಎರಡನೆಯ ಆಯ್ಕೆ ಸಂಸ್ಥಾನದ ಗಡಿ ದಾಟುವುದು. ಉಮರ್ಗಾ ಕಡೆಯವರಿಗೆ ಇದು ಸಹಜ. ಸೊಲ್ಲಾಪುರ ಬ್ರಿಟಿಷ್ ಮುಂಬಯಿ ಪ್ರಾಂತ್ಯದ ಊರು. 1940ರಲ್ಲಿ ಅಲ್ಲಿ ದಯಾನಂದ ಕಾಲೇಜು ಆಗುವವರೆಗೂ ಮುಂದೆ ಹೋಗಬೇಕಾಗಿತ್ತು, ಪುಣೆಯ ಫರ್ಗ್ಯುಸನ್ನಿಗೋ ಸಾಂಗಲಿಯ ವಿಲಿಂಗ್ಡನ್ನಿಗೋ. ಕನ್ನಡದ ಕಡೆ ನೋಡಿದರೆ 1917ರ ಧಾರವಾಡದ ಕರ್ನಾಟಕ ಕಾಲೇಜು, 1933ರ ಬೆಳಗಾವಿಯ ಲಿಂಗರಾಜ ಕಾಲೇಜು. ಇವೆಲ್ಲವೂ ಮುಂಬಯಿ ವಿಶ್ವವಿದ್ಯಾಲಯದ ಕಾಲೇಜುಗಳೇ. ಪದವಿ ಪ್ರಮಾಣಪತ್ರದ ಮೇಲೆ ಹೆಸರು ಒಂದೇ, ಹಾಸ್ಟೆಲಿನ ಭಾಷೆ ಮಾತ್ರ ಬೇರೆ. ಪುಣೆಯಲ್ಲಿ ಮರಾಠಿ, ಧಾರವಾಡದಲ್ಲಿ ಕನ್ನಡ. ನನ್ನ ಪ್ರಕಾರ ಮನೆಮಾತಿನ ಭವಿಷ್ಯವನ್ನು ತೀರ್ಮಾನಿಸಿದ್ದು ಈ ಹಾಸ್ಟೆಲಿನ ಭಾಷೆ. ತರಗತಿಯಲ್ಲಿ ಎರಡೂ ಕಡೆ ಇಂಗ್ಲಿಷೇ ಇತ್ತಲ್ಲ.

ಉಮರ್ಗಾದಿಂದ ಪುಣೆಗೆ ಸೊಲ್ಲಾಪುರದಲ್ಲಿ ರೈಲು ಹತ್ತಿದರೆ ನೇರ ದಾರಿ. ಧಾರವಾಡಕ್ಕೆ ಸೊಲ್ಲಾಪುರ, ವಿಜಯಪುರ, ಗದಗ, ಹುಬ್ಬಳ್ಳಿ ಸುತ್ತಿಕೊಂಡು ಹೋಗಬೇಕು. ಪುಣೆಯಲ್ಲಿ ಸೀಮೆಯ ನಾಲ್ಕು ಜನ ಮೊದಲೇ ಇರ್ತಾರೆ, ಕೋಣೆ ಸಿಗುತ್ತೆ, ಖಾನಾವಳಿ ಗೊತ್ತಿರುತ್ತೆ. ಒಬ್ಬ ಹೋದ ದಾರಿಯಲ್ಲಿ ಇನ್ನೊಬ್ಬ ಹೋಗ್ತಾನೆ. ಇವತ್ತಿನ ಹುಡುಗರು ಕೋಟಾ, ದಿಲ್ಲಿ, ಬೆಂಗಳೂರು ಆರಿಸಿಕೊಳ್ಳುವುದೂ ಹೀಗೇ ಅಲ್ವಾ?

ಹಿಪ್ಪರಗಾ ಮತ್ತು 1938

ಮೂರನೆಯ ಆಯ್ಕೆಯೂ ಇತ್ತು, ಪದವಿಯ ಲೆಕ್ಕವನ್ನೇ ಬದಿಗಿಡುವುದು. ಉಮರ್ಗಾಕ್ಕೆ ಹತ್ತಿರದ ಹಿಪ್ಪರಗಾದಲ್ಲಿ 1921ರಲ್ಲಿ ಒಂದು ರಾಷ್ಟ್ರೀಯ ಶಾಲೆ ಆರಂಭವಾಯಿತು. ಅಸಹಕಾರ ಚಳವಳಿಯ ಕಾಲದ ಶಾಲೆ ಅದು. ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿ, ಪುಣೆಯ ಟಿಳಕ ಮಹಾರಾಷ್ಟ್ರ ವಿದ್ಯಾಪೀಠದಲ್ಲಿ ಓದಿದ ವೆಂಕಟೇಶ ಖೇಡಗೀಕರ್ ಅಲ್ಲಿಗೆ ಶಿಕ್ಷಕರಾಗಿ ಬಂದರು. ಮುಂದೆ ಸಂನ್ಯಾಸ ತೆಗೆದುಕೊಂಡು ಸ್ವಾಮಿ ರಮಾನಂದ ತೀರ್ಥರಾದರು. ಅವರು ಓದಿದ ವಿದ್ಯಾಪೀಠ ಸರಕಾರಿ ವಿಶ್ವವಿದ್ಯಾಲಯ ಅಲ್ಲ, ಅಲ್ಲಿನ ಪದವಿಯಿಂದ ಸರಕಾರಿ ನೌಕರಿಯ ಆಸೆಯೂ ಇಲ್ಲ. ಅಂಥವರ ಕೈಕೆಳಗೆ ಕಲಿತ ಹುಡುಗರು ಮುಂದೆ ಯಾವ ಕಾಲೇಜು ಅಂತ ಯೋಚಿಸುವಾಗ ಅಪ್ಪನ ಲೆಕ್ಕಾಚಾರದ ಪಕ್ಕದಲ್ಲಿ ಮಾಸ್ತರರ ಉದಾಹರಣೆಯೂ ಕಣ್ಣ ಮುಂದೆ ಇರ್ತಿತ್ತು.

1938ರಲ್ಲಿ ಈ ಎರಡು ಲೆಕ್ಕಗಳು ಎದುರುಬದುರಾದವು. ಹಾಸ್ಟೆಲುಗಳಲ್ಲಿ ವಂದೇ ಮಾತರಂ ಹಾಡಬಾರದು ಅಂತ ನಿಷೇಧ ಬಂತು. ಔರಂಗಾಬಾದ್, ಹೈದರಾಬಾದ್, ಗುಲಬರ್ಗಾಗಳಲ್ಲಿ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಬಂದರು. ಉಸ್ಮಾನಿಯಾ ಅವರನ್ನು ಹೊರಹಾಕಿತು. ಉಳಿದ ಹಲವು ವಿಶ್ವವಿದ್ಯಾಲಯಗಳು ಸೇರಿಸಿಕೊಳ್ಳಲು ಹಿಂಜರಿದಾಗ ನಾಗಪುರ ವಿಶ್ವವಿದ್ಯಾಲಯ ಬಾಗಿಲು ತೆಗೆಯಿತು. ಹಾಗೆ ಹೋದವರಲ್ಲಿ ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಒಬ್ಬರು. ಅವರು ನಂತರ ಫರ್ಗ್ಯುಸನ್ನಿನಲ್ಲೂ ಓದಿದರು.

ಇದನ್ನು ಸ್ವಾತಂತ್ರ್ಯ ಹೋರಾಟದ ಅಧ್ಯಾಯವಾಗಿ ಎಲ್ಲರೂ ಬರೆದಿದ್ದಾರೆ. ಶಿಕ್ಷಣದ ಚರಿತ್ರೆಯಾಗಿ ನೋಡಿದರೆ ಇನ್ನೊಂದು ವಿಷಯ ಕಾಣುತ್ತೆ. ಅಲ್ಲಿಯವರೆಗೆ ಉರ್ದುವಿನಲ್ಲಿ ಭೌತಶಾಸ್ತ್ರವನ್ನೋ ಅರ್ಥಶಾಸ್ತ್ರವನ್ನೋ ಓದುತ್ತಿದ್ದ ಹುಡುಗ ರಾತ್ರೋರಾತ್ರಿ ಇಂಗ್ಲಿಷ್ ಮಾಧ್ಯಮಕ್ಕೆ, ಮರಾಠಿ–ಹಿಂದಿ ಊರಿಗೆ ಬಂದ. ಮರಾಠವಾಡದ ಒಂದು ತಲೆಮಾರಿನ ನಾಯಕತ್ವ ಹೀಗೆ ಹೈದರಾಬಾದಿಗೆ ಬೆನ್ನು ಮಾಡಿ ಪುಣೆ–ನಾಗಪುರದ ಕಡೆ ಮುಖ ಮಾಡಿತು. ಅವರ ಜೊತೆ ಹೊರಬಂದ ಕನ್ನಡ ಮನೆಯ ಹುಡುಗನಿಗೂ ಸ್ವಾತಂತ್ರ್ಯದ ಭಾಷೆ ಮರಾಠಿಯಾಗಿ ಸಿಕ್ಕಿತು. ಇದನ್ನು ಯಾರೂ ಅವನ ಮೇಲೆ ಹೇರಲಿಲ್ಲ. ಉರ್ದುವಿನಿಂದ ಬಿಡುಗಡೆಯಾಗಿ ಅವನೇ ಅದನ್ನು ಸಂತೋಷದಿಂದ ತೆಗೆದುಕೊಂಡ. ಕನ್ನಡದ ಕಡೆಯಿಂದ ಬರೆಯುವ ನಾವು ಈ ಸಂತೋಷವನ್ನು ಕಡೆಗಣಿಸಿದರೆ ಚರಿತ್ರೆ ಬರೆದಂತೆ ಆಗುವುದಿಲ್ಲ, ದೂರು ಬರೆದಂತೆ ಆಗುತ್ತೆ.

ಗೆರೆ ಎಳೆದ ಮೇಲೆ

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಉಸ್ಮಾನಿಯಾದಲ್ಲಿ ಉರ್ದು ಹೋಗಿ ಇಂಗ್ಲಿಷ್ ಬಂತು. ಮೂವತ್ತು ವರ್ಷದ ಪ್ರಯೋಗ ನಿಂತಿತು. ಉರ್ದುವಿನಲ್ಲಿ ಓದಿ ನೌಕರಿಯ ಆಸೆ ಇಟ್ಟುಕೊಂಡಿದ್ದವರಿಗೆ, ಅದರಲ್ಲೂ ಈ ಸೀಮೆಯ ಮುಸ್ಲಿಂ ಕುಟುಂಬಗಳಿಗೆ, ಅದು ಕಾಲ ಕೆಳಗಿನ ನೆಲ ಸರಿದ ಹಾಗೆ. 1950ರಲ್ಲಿ ನಾಂದೇಡದಲ್ಲಿ ಪೀಪಲ್ಸ್ ಕಾಲೇಜು, ಔರಂಗಾಬಾದಿನಲ್ಲಿ ಅಂಬೇಡ್ಕರರು ಕಟ್ಟಿದ ಕಾಲೇಜು, ಮುಂದೆ ಮಿಲಿಂದ ಮಹಾವಿದ್ಯಾಲಯ ಅಂತ ಹೆಸರಾದದ್ದು, ಆರಂಭವಾದವು. ಈ ಎರಡನೆಯದರ ಮಹತ್ವ ಬೇರೆ. ಫರ್ಗ್ಯುಸನ್ನೋ ಉಸ್ಮಾನಿಯಾವೋ ಅಂತ ಕೂತು ಯೋಚಿಸುವ ಅವಕಾಶವೇ ಇಲ್ಲದಿದ್ದ ದಲಿತ ಕುಟುಂಬಗಳಿಗೆ ಅದು ಮೊದಲ ಬಾಗಿಲು. ಮೇಲುವರ್ಗದ ಮನೆಗಳಲ್ಲಿ ನಡೆದ ಆಯ್ಕೆಯ ಚರಿತ್ರೆಯನ್ನಷ್ಟೇ ಹೇಳಿ ಮುಗಿಸಿದರೆ ಈ ಸೀಮೆಯ ಹೆಚ್ಚಿನ ಜನ ಆ ಚರಿತ್ರೆಯಲ್ಲಿ ಇರುವುದೇ ಇಲ್ಲ.

1956ರ ನವೆಂಬರ್ 1ರಂದು ಬೀದರ ಜಿಲ್ಲೆ ಒಡೆಯಿತು. ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ, ಬೀದರ, ಭಾಲ್ಕಿ, ಹುಮನಾಬಾದ್, ಔರಾದ ಕಡೆ ಮೈಸೂರಿಗೆ. ಇನ್ನೊಂದಷ್ಟು ಭಾಗ ಆಂಧ್ರಕ್ಕೆ. ಅಲ್ಲಿಯವರೆಗೆ ಕಮಲನಗರದ ಹುಡುಗನೂ ಉದಗೀರದ ಹುಡುಗನೂ ಒಂದೇ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದರು. ಈಗ ಬೀದರ, ಗುಲಬರ್ಗಾದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಉದಗೀರ, ನಿಲಂಗಾ, ಉಮರ್ಗಾ 1958ರಲ್ಲಿ ಆರಂಭವಾದ ಔರಂಗಾಬಾದಿನ ಮರಾಠವಾಡ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. ಧಾರವಾಡವೂ ದೂರ, ಔರಂಗಾಬಾದೂ ದೂರ. ಗಡಿಯ ಎರಡೂ ಕಡೆಯವರಿಗೆ ತಮ್ಮ ವಿಶ್ವವಿದ್ಯಾಲಯ ಅನ್ನುವುದು ನೂರಾರು ಮೈಲಿ ಆಚೆಯ ಮುದ್ರೆ.

ಹಳೆಯ ಅಭ್ಯಾಸ ತಕ್ಷಣ ಹೋಗಲಿಲ್ಲ. ಇದೇ ಸೀಮೆಯ ಚಾಕೂರಿನ ಶಿವರಾಜ ಪಾಟೀಲರು, ಮುಂದೆ ಲೋಕಸಭೆಯ ಸ್ಪೀಕರ್ ಆದವರು, ವಿಜ್ಞಾನ ಪದವಿಗೆ ಉಸ್ಮಾನಿಯಾಕ್ಕೂ ಕಾನೂನಿಗೆ ಮುಂಬಯಿಗೂ ಹೋದರು. ಒಬ್ಬರ ಓದಿನಲ್ಲೇ ದಿಕ್ಕು ಬದಲಾದದ್ದು ಕಾಣುತ್ತೆ.

ದೊಡ್ಡ ಬದಲಾವಣೆ ಬಂದದ್ದು ಊರಿಗೇ ಕಾಲೇಜು ಬಂದಾಗ. 1961ರಲ್ಲಿ ಲಾತೂರಿನಲ್ಲಿ ದಯಾನಂದ, 1962ರಲ್ಲಿ ಉದಗೀರದಲ್ಲಿ ಮಹಾರಾಷ್ಟ್ರ ಉದಯಗಿರಿ ಮಹಾವಿದ್ಯಾಲಯ. ಆಮೇಲೆ ನಿಲಂಗಾ, ಉಮರ್ಗಾಗಳಲ್ಲೂ. ದೂರದ ಹಾಸ್ಟೆಲಿಗೆ ಕಳಿಸದ ಮನೆಗಳು ಮಗಳನ್ನು ಊರ ಕಾಲೇಜಿಗೆ ಕಳಿಸಿದವು. ಮೊದಲಿನ ನಲವತ್ತು ವರ್ಷಗಳ ಕಥೆಯಲ್ಲಿ ನಾನು ಹುಡುಗ, ಅವನು, ಮಗ ಅಂತಲೇ ಹೇಳಿಕೊಂಡು ಬಂದದ್ದನ್ನು ನೀವು ಗಮನಿಸಿರಬಹುದು. ಅದಕ್ಕೆ ಕಾರಣ ಇದು. ಮಗಳಿಗೆ ಪದವಿ ಕೊಟ್ಟದ್ದು ಊರ ಮರಾಠಿ ಕಾಲೇಜು. ಮನೆಯಲ್ಲಿ ಕನ್ನಡವನ್ನು ಉಳಿಸಿಕೊಂಡಿದ್ದವರು ಹೆಚ್ಚಾಗಿ ಹೆಂಗಸರು. ಅವರು ಮರಾಠಿಯಲ್ಲಿ ಓದಿ, ತಮ್ಮ ಮಕ್ಕಳಿಗೆ ಮರಾಠಿಯಲ್ಲಿ ಪಾಠ ಹೇಳಿಕೊಡಲು ಆರಂಭಿಸಿದಾಗ ಮನೆಮಾತು ನಿಧಾನವಾಗಿ ಅಜ್ಜಿಯ ಜೊತೆ ಆಡುವ ಮಾತಾಯಿತು. ಶಿಕ್ಷಣ ಸಿಕ್ಕಿತು, ಭಾಷೆ ಸರಿಯಿತು. ಈ ಎರಡನ್ನೂ ಒಟ್ಟಿಗೇ ಹೇಳಬೇಕು.

1994 ಮತ್ತು ಇವತ್ತಿನ ಅರ್ಜಿ

1994 ಈ ಸೀಮೆಗೆ ಎರಡು ಸಲ ಮುಖ್ಯ. ಜನವರಿ 14ರಂದು ದೀರ್ಘ ಹೋರಾಟದ ನಂತರ ಮರಾಠವಾಡ ವಿಶ್ವವಿದ್ಯಾಲಯಕ್ಕೆ ಡಾ. ಬಾಬಾಸಾಹೇಬ ಅಂಬೇಡ್ಕರರ ಹೆಸರು ಸೇರಿತು. ಸೆಪ್ಟೆಂಬರ್ 17ರಂದು ನಾಂದೇಡದಲ್ಲಿ ಸ್ವಾಮಿ ರಮಾನಂದ ತೀರ್ಥ ಮರಾಠವಾಡ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಲಾತೂರು ಜಿಲ್ಲೆಯ ಉದಗೀರ, ನಿಲಂಗಾ ನಾಂದೇಡಕ್ಕೆ ಹೋದವು. ಉಮರ್ಗಾ ಔರಂಗಾಬಾದಿನಲ್ಲೇ ಉಳಿಯಿತು. ಹಿಪ್ಪರಗಾದ ಮಾಸ್ತರರ ಹೆಸರಿನ ವಿಶ್ವವಿದ್ಯಾಲಯದಲ್ಲಿ ಹಿಪ್ಪರಗಾದ ಸೀಮೆಯೇ ಸೇರಲಿಲ್ಲ.

ಅಷ್ಟರಲ್ಲಿ ಆಟದ ನಿಯಮವೇ ಬದಲಾಗಿತ್ತು. 1970ರಲ್ಲಿ ಆರಂಭವಾದ ಲಾತೂರಿನ ರಾಜರ್ಷಿ ಶಾಹೂ ಕಾಲೇಜಿನಿಂದ ಹೆಸರಾದ 'ಲಾತೂರ್ ಪ್ಯಾಟರ್ನ್' ಮರಾಠವಾಡದ ಮಕ್ಕಳನ್ನು ವೈದ್ಯಕೀಯ, ಇಂಜಿನಿಯರಿಂಗಿಗೆ ಕಳಿಸಿತು. ಈ ಕಡೆ ಬೀದರದಲ್ಲಿ ಶಾಹೀನ್ ಸಂಸ್ಥೆ ಅದೇ ದಾರಿಯಲ್ಲಿ ಬೆಳೆಯಿತು. ಉದಗೀರ ಇವೆರಡರ ನಡುವೆ, ಹೆಚ್ಚುಕಡಿಮೆ ಸಮದೂರದಲ್ಲಿದೆ. ಇವತ್ತು ಆ ಊರಿನ ಮನೆಯಲ್ಲಿ ಲಾತೂರೋ ಬೀದರೋ ಅಂತ ಮಾತು ನಡೆದರೆ ಅದು ಭಾಷೆಯ ಮಾತಲ್ಲ, ನೀಟ್ ಅಂಕದ ಮಾತು. ಜೊತೆಗೆ ಕೋಟಾದ ಮಾತು. ಸಂವಿಧಾನದ 371ಜೆ ವಿಧಿ ಬೀದರ, ಕಲಬುರಗಿ ಕಡೆಯವರಿಗೆ ಸೀಟುಗಳಲ್ಲಿ ಮೀಸಲು ಕೊಡುತ್ತದೆ. ಅದೇ ನಿಜಾಮನ ಅದೇ ಬೀದರ ಜಿಲ್ಲೆಯ ಉದಗೀರಕ್ಕೆ ಅದು ಇಲ್ಲ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡು ಕನ್ನಡಿಗರಿಗಾಗಿ ಹೆಸರಿಸಿದ ಮಹಾರಾಷ್ಟ್ರದ ತಾಲೂಕುಗಳು ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ. ಉಮರ್ಗಾ, ನಿಲಂಗಾ, ಉದಗೀರ ಆ ಸಾಲಿನಲ್ಲಿ ಇಲ್ಲ. ಗಡಿ ವಿವಾದದಲ್ಲಿ ಇಲ್ಲದ ಊರಿನ ಕನ್ನಡಿಗ, ಪ್ರವೇಶದ ನಿಯಮಕ್ಕೆ ಕನ್ನಡಿಗನಾಗಿ ಕಾಣುವುದಿಲ್ಲ.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: "ಹಾಗಾದರೆ ಈಗ ಏನು ಮಾಡಬಹುದು? ಆ ಊರುಗಳನ್ನು ಕರ್ನಾಟಕಕ್ಕೆ ಸೇರಿಸಬೇಕು ಅಂತೀರಾ?" ಇಲ್ಲ. 2022ರಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನವನ್ನು ಉದಗೀರದ ಅದೇ ಉದಯಗಿರಿ ಕಾಲೇಜು ನಡೆಸಿಕೊಟ್ಟಿತು. ಊರು ತಾನು ಏನು ಅನ್ನುವುದನ್ನು ತಾನೇ ಹೇಳಿಕೊಂಡಿದೆ. ನಾನು ಹೇಳುವುದು ಬಹಳ ಸಣ್ಣದು, ಎರಡೇ ಮಾತು.

ಒಂದು, ಉಮರ್ಗಾದ ಹತ್ತಿರದ ಕೇಂದ್ರೀಯ ವಿಶ್ವವಿದ್ಯಾಲಯ ಯಾವುದು ಅಂತ ನಕಾಶೆಯಲ್ಲಿ ನೋಡಿ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಆಳಂದ ತಾಲೂಕಿನ ಕಡಗಂಚಿಯಲ್ಲಿ. ಉಮರ್ಗಾದಿಂದ ಔರಂಗಾಬಾದಿಗಿಂತ ಅದು ಎಷ್ಟೋ ಹತ್ತಿರ. ಅಖಿಲ ಭಾರತ ಪ್ರವೇಶ ಪರೀಕ್ಷೆಯಿಂದ ಸೇರಬಹುದಾದದ್ದರಿಂದ ಯಾವ ರಾಜ್ಯದವರು ಅನ್ನುವುದು ಅಡ್ಡ ಬರುವುದಿಲ್ಲ. ಕನ್ನಡ ವಿಭಾಗವೂ ಅಲ್ಲಿದೆ. ಉಮರ್ಗಾ, ಮುರುಮಿನ ಜೂನಿಯರ್ ಕಾಲೇಜುಗಳಿಗೆ ಹೋಗಿ ಇಂಥದ್ದೊಂದು ಇದೆ ಅಂತ ಮರಾಠಿಯಲ್ಲೇ ಹೇಳಿ ಬರುವ ಕೆಲಸವನ್ನು ನಮ್ಮಲ್ಲಿ ಯಾರಾದರೂ ಮಾಡಬಹುದು. ಎರಡು, ಉಸ್ಮಾನಿಯಾದಲ್ಲಿ, ಪುಣೆಯಲ್ಲಿ, ಧಾರವಾಡದಲ್ಲಿ ಓದಿದ ಆ ಸೀಮೆಯ ಹಿರಿಯರು ಈಗ ಎಂಬತ್ತು ತೊಂಬತ್ತರ ವಯಸ್ಸಿನವರು. ಅವರ ಮನೆಯ ಟ್ರಂಕಿನಲ್ಲಿ ಉರ್ದು ಪ್ರಮಾಣಪತ್ರ, ಹಾಸ್ಟೆಲಿನ ರಸೀದಿ, ಮನೆಗೆ ಬರೆದ ಪತ್ರ ಇರ್ತವೆ. ಪತ್ರ ಯಾವ ಲಿಪಿಯಲ್ಲಿದೆ ಅಂತ ನೋಡಿ. ಅಪ್ಪನಿಗೆ ಮೋಡಿಯಲ್ಲೋ ಉರ್ದುವಿನಲ್ಲೋ, ಅವ್ವನಿಗೆ ಓದಿ ಹೇಳಲೆಂದು ಕನ್ನಡದಲ್ಲೋ? ಈ ಒಂದು ಪ್ರಶ್ನೆಗೆ ಕಾಗದ ಸಿಕ್ಕಷ್ಟೂ ನನ್ನ ವಾದ ಗಟ್ಟಿಯಾಗುತ್ತೆ, ಇಲ್ಲವೇ ಬಿದ್ದುಹೋಗುತ್ತೆ. ಬಿದ್ದುಹೋದರೂ ಕಾಗದ ಉಳಿಯುತ್ತೆ. ಸಂಶೋಧನೆ ಮಾಡುವ ವಿದ್ಯಾರ್ಥಿಗಳು ಈ ಕೆಲಸ ಎತ್ತಿಕೊಳ್ಳಬೇಕು ಅಂತ ಕೇಳಿಕೊಂಡು ನನ್ನ ಮಾತು ಮುಗಿಸ್ತೇನೆ.